ಎಡಗೋಡೆ, ಬಲಗೋಡೆ

ಫೆಬ್ರವರಿ 2, ಭಾನುವಾರ

ಪ್ರಾಜೆಕ್ಟ್ ರೆಕಾರ್ಡಿಗೆಂದು ತಂದ ನೋಟ್‌ಬುಕ್ ಇದು. ರೆಕಾರ್ಡು ಹಾಳಾಗಿ ಹೋಗಲಿ. ಇವತ್ತು ಆದದ್ದನ್ನು ಎಲ್ಲಾದರೂ ಇಳಿಸದಿದ್ದರೆ ತಲೆ ಸಿಡಿದುಹೋಗುತ್ತದೆ.

ಬೆಳಿಗ್ಗೆ ಹಾಲಿನ ಡೈರಿ ಮುಂದೆ ನೀರಿನ ಸಂಘದ ಸಭೆ ಸೇರಿತ್ತು. ಅಪ್ಪ ನಮ್ಮೂರಿನ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರು ಎಂಬ ಸರದಿ ನೋಡಿಕೊಳ್ಳುವುದು ಅವನ ಕೆಲಸ. ಅವನಿಗಿಂತ ಮುಂಚೆ ತಾತ ಚಿಕ್ಕಬೋರಯ್ಯ ಮಾಡಿದ್ದ. ಈ ಬೇಸಿಗೆ ಬೆಳೆಗೆ ಮಾತ್ರ ಏನೋ ಕೆಟ್ಟಿದೆ. ತೂಬಿನಲ್ಲಿ ಬಿಟ್ಟ ನೀರು ಕೊನೆಯ ಗದ್ದೆಗಳನ್ನು ಮುಟ್ಟುವಷ್ಟರಲ್ಲಿ ಅರ್ಧವಾಗಿರುತ್ತದೆ. ಮೂರು ವಾರದಿಂದ ಇದೇ ಕಥೆ.

ಶಿವಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಎದ್ದು ನಿಂತ. "ತೂಬು ತಗಿಯೋನೂ ಇವ್ನೆ, ಮುಚ್ಚೋನೂ ಇವ್ನೆ. ನೀರೇನು ರೆಕ್ಕೆ ಕಟ್ಕೊಂಡ್ ಆರೋಯ್ತದಾ? ಯಾರಿಗೋ ಮಾರ್ಕೊಂಡವ್ನೆ ಕಳ್ಳ ನನ್ಮಗ" ಅಂದ. ಅಷ್ಟು ಜನರ ಮುಂದೆ. ಅಪ್ಪ ಟವೆಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. "ಅಂಗನ್ಬ್ಯಾಡಿ ಗೌಡ್ರೆ" ಅಂದದ್ದು ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

ಅಪ್ಪನ ಪರ ಮಾತಾಡಿದ್ದು ಇಂದ್ರಮ್ಮ ಒಬ್ಬರೇ. "ಮಾದೇವ ಅಂಥೋನಲ್ಲ ಕಣ್ರಪ್ಪ. ಅವ್ನು ಒಂದು ಚೊಂಬು ನೀರೂ ಕದ್ದಿಲ್ಲ. ಬೇಕಾರೆ ನಾನು ಬರ್ಕೊಡ್ತೀನಿ" ಅಂದರು. ಗಂಡ ಸತ್ತಮೇಲೆ ತೋಟ, ಗದ್ದೆ ಎಲ್ಲ ಒಬ್ಬರೇ ನೋಡಿಕೊಳ್ಳುವ ಹೆಂಗಸು. ಸುಗ್ಗಿಯಲ್ಲಿ ನೀರುಗಂಟಿ ಕೂಲಿಯೆಂದು ಅಪ್ಪನಿಗೆ ಸಲ್ಲುವ ಭತ್ತದ ಹೊರೆಯನ್ನು ಕೊಸರಾಡದೆ ಕೊಡುವುದೂ ಅವರೊಬ್ಬರೇ. ದೇವರಂಥವರು.

ಸಂಘದ ಅಧ್ಯಕ್ಷ ನಾಗೇಶಣ್ಣನದು ಬೇರೆ ರಾಗ. ಹೆದ್ದಾರಿ ಅಗಲ ಮಾಡುವಾಗ ನಮ್ಮ ಕಾಲುವೆಯನ್ನು ಎರಡಡಿ ಅಗಲದ ಸಿಮೆಂಟು ಪೈಪಿನೊಳಗೆ ಹಾಕಿ ಹೂತುಬಿಟ್ಟರು. ರಸ್ತೆ ದಾಟಿದ ಮೇಲೂ ಅದು ನೆಲದಡಿಯಲ್ಲೇ ಹೋಗುತ್ತದೆ. ನೀರು ಹೋಗುವ ದಿಕ್ಕಿಗೆ ನಿಂತರೆ ಎಡಕ್ಕೆ ಶಿವಯ್ಯನ ಗದ್ದೆ, ಬಲಕ್ಕೆ ಇಂದ್ರಮ್ಮನ ತೆಂಗಿನ ತೋಟ. ಇನ್ನೂರು ಅಡಿ ಆಚೆಗೆ ಮತ್ತೆ ಬೆಳಕು ಕಾಣುತ್ತದೆ. "ಪೈಪ್ ಒಳಗೆ ಏನಾರ ಆಗಿರ್ಬೋದು ಅಂತೀಯಲ್ಲ ಮಾದೇವ, ನೀನೇ ನುಗ್ಗಿ ನೋಡ್ಕೊಂಡ್ ಬಾ. ಇಪ್ಪತ್ಮೂರನೇ ತಾರೀಕು ಮತ್ತೆ ಸಭೆ. ಅಷ್ಟೊತ್ಗೆ ಕಾರಣ ತೋರಿಸ್ಲಿಲ್ಲ ಅಂದ್ರೆ ತೂಬಿನ ಕೀ ಮಡಗ್ಬುಡು" ಅಂದ ನಾಗೇಶಣ್ಣ.

ಅಪ್ಪ ತಲೆ ಆಡಿಸಿದ. ನುಗ್ಗುತ್ತೇನೆ ಅಂತ! ನನಗೆ ಎಲ್ಲಿತ್ತೋ ಸಿಟ್ಟು.

"ನಮ್ಮಪ್ಪ ಒಳಕ್ಕೆ ನುಗ್ಗಲ್ಲ. ಇನ್ನು ಯಾವತ್ತೂ ನುಗ್ಗಲ್ಲ. ನನ್ನ ಗಾಡಿ ನುಗ್ತದೆ" ಅಂದೆ.

ಎಲ್ಲರೂ ನಕ್ಕರು. ನಗಲಿ.

ಫೆಬ್ರವರಿ 4, ಮಂಗಳವಾರ

ಗಾಡಿ ಎಂದರೆ ನಾನು ಮತ್ತು ನನ್ನ ಕ್ಲಾಸಿನ ವೀಣ ಸೇರಿ ಡಿಪ್ಲೊಮಾ ಕೊನೆಯ ವರ್ಷಕ್ಕೆಂದು ಮಾಡಿದ ರೋಬೋ. ನಾಲ್ಕು ಚಕ್ರ, ಎರಡು ದೀಪ, ಮೇಲೆ ಒಂದು ಊಟದ ಡಬ್ಬಿ. ಡಬ್ಬಿಯ ಪಾರದರ್ಶಕ ಮುಚ್ಚಳದ ಹಿಂದೆ ಒಂದು ಕ್ಯಾಮೆರಾ. ನೀರು ಹೋಗದಂತೆ ಡಬ್ಬಿಗೆ ಮೇಣ ಮೆತ್ತಿ ಮುಚ್ಚಿದ್ದೇವೆ. ಕ್ಯಾಮೆರಾ ಮುಂದಕ್ಕೆ ಮಾತ್ರ ನೋಡುತ್ತದೆ, ಕತ್ತು ತಿರುಗಿಸಲು ಒಳಗೆ ಜಾಗವಿಲ್ಲ.

ಇವತ್ತು ನೀರು ಬಿಡದ ದಿನ. ಹತ್ತು ಅಡಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿ ಪೈಪಿಗೆ ಬಿಟ್ಟೆವು. ಪಾಪ, ಆ ತುದಿಯವರೆಗೂ ಹೋಗಿ ಬಂತು. ವಿಡಿಯೋ ನೋಡಿದರೆ ಮುಂದೆ ಒಂದು ಗುಂಡನೆಯ ಕತ್ತಲೆ, ಸುತ್ತ ಬೂದು ಗೋಡೆ ಹಿಂದಕ್ಕೆ ಜಾರುತ್ತಿದೆ. ಗೋಡೆಯಲ್ಲಿ ಬಾಗಿಲಿಟ್ಟಿದ್ದರೂ ಕಾಣುವಂತಿಲ್ಲ. ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ.

ರಸ್ತೆಯ ಮೇಲೆ ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದ ಶಿವಯ್ಯ "ಏನಮ್ಮೀ, ಕಪ್ಪೆ ಸಿಕ್ತಾ?" ಅಂದ. ನಾನು ಹಗ್ಗ ಸುತ್ತಿಕೊಂಡೆ. ಮನಸ್ಸಿನಲ್ಲಿ ಕೊಟ್ಟ ಉತ್ತರವನ್ನು ಬರೆಯುವ ಹಾಗಿಲ್ಲ.

ಫೆಬ್ರವರಿ 7, ಶುಕ್ರವಾರ

ಸಿಕ್ಕಿತು! ಕಾಲೇಜು ಮುಗಿಸಿ ಭಾರತೀನಗರದಿಂದ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟು. ಆ ಮನುಷ್ಯ ಕತ್ತು ಅಲ್ಲಾಡಿಸದೆ, ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿಯೇ ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದ ಹುಡುಗರಿಗೆ ಬಯ್ಯುತ್ತಿದ್ದ. ಕ್ಯಾಮೆರಾ ಯಾಕೆ ತಿರುಗಬೇಕು? ಅದರ ಮುಂದೆ ಕನ್ನಡಿ ಇಟ್ಟರೆ ನೋಟವೇ ತಿರುಗುತ್ತದಲ್ಲ.

ಎರಡು ಕನ್ನಡಿ ತುಂಡನ್ನು ಬೆನ್ನಿಗೆ ಬೆನ್ನು ಕೊಟ್ಟು, ಚೂಪಾದ ಅಂಚು ಕ್ಯಾಮೆರಾ ಕಡೆಗೆ ಬರುವಂತೆ ನಿಲ್ಲಿಸುವುದು. ಚಿತ್ರದ ಎಡ ಅರ್ಧದಲ್ಲಿ ಎಡಗೋಡೆ, ಬಲ ಅರ್ಧದಲ್ಲಿ ಬಲಗೋಡೆ. ಒಂದೇ ಸಲಕ್ಕೆ ಎರಡೂ. ಮುಂದೆ ಏನಿದೆ ಅಂತ ಕಾಣುವುದಿಲ್ಲ, ಕಾಣದಿದ್ದರೇನು, ಪೈಪಿನಲ್ಲಿ ದಾರಿ ತಪ್ಪುವುದಕ್ಕಾಗುತ್ತದೆಯೇ?

ನಮ್ಮ ಗೈಡ್ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. "ಕನ್ನಡಿ ಕಟ್ಟೋದು ಎಂಜಿನಿಯರಿಂಗ್ ಅಲ್ಲಮ್ಮ, ಮದುವೆ ಗಾಡಿ ಅಲಂಕಾರ. ತಿರುಗೋ ಕ್ಯಾಮೆರಾ ತಗೋ" ಅಂದರು. ತಗೋ ಅಂದರೆ ಅಂಗಡಿಯವನು ಸುಮ್ಮನೆ ಕೊಡುತ್ತಾನೆ ಪಾಪ. ನಾನು ಕಟ್ಟುತ್ತೇನೆ.

ಫೆಬ್ರವರಿ 9, ಭಾನುವಾರ

ಮುಖ ನೋಡುವ ಕನ್ನಡಿ ಒಡೆದು ಕಟ್ಟಿದೆ. ಗೋಡೆಯ ಪ್ರತಿ ಗೆರೆಯೂ ಎರಡೆರಡು ಕಾಣುತ್ತದೆ. ಗಾಜಿನ ಮುಂಭಾಗ ಒಂದು ಚಿತ್ರ ತೋರಿಸುತ್ತದೆ, ಹಿಂದೆ ಬಳಿದ ಬೆಳ್ಳಿ ಇನ್ನೊಂದು. ಕನ್ನಡಿ ಒಡೆದದ್ದಕ್ಕೆ ಅವ್ವನಿಂದ ಬೈಗುಳ ಬೇರೆ.

ಫೆಬ್ರವರಿ 12, ಬುಧವಾರ

ವೀಣಳ ಮಾವನ ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟು ಮೂಲೆಗೆ ಬಿದ್ದ ಒಂದು ಮಿಷನ್ನಿತ್ತು. ಅದರ ಹೊಟ್ಟೆಯಲ್ಲಿ ಉದ್ದುದ್ದ ಕನ್ನಡಿ ಪಟ್ಟಿಗಳು. ಇವುಗಳ ಬೆಳ್ಳಿ ಹಿಂದೆ ಅಲ್ಲ, ಮುಂದೆಯೇ ಇರುತ್ತದೆ. ಆದ್ದರಿಂದ ಚಿತ್ರ ಒಂದೇ. ಆದರೆ ಬೆರಳು ಸೋಕಿಸಬಾರದು.

ಮನೆಗೆ ತಂದು ಬುದ್ಧನ ಪಟದ ಕೆಳಗೆ ಪೇಪರಿನ ಮೇಲೆ ಇಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವ್ವ, "ಮಂಕಾಗಿತ್ತು ಕಣವ್ವ" ಅಂತ ಒಲೆ ಬೂದಿ ಹಾಕಿ ಒಂದು ಪಟ್ಟಿಯನ್ನು ತಿಕ್ಕಿ ತೊಳೆದಿಟ್ಟಿದ್ದಳು. ಈಗ ಅದು ಕನ್ನಡಿಯಲ್ಲ, ಕಿಟಕಿ ಗಾಜು. ಕಿರುಚಿಬಿಟ್ಟೆ. ಆಮೇಲೆ ಅವಳು ಊಟಕ್ಕೆ ಕರೆಯಲೂ ಬರಲಿಲ್ಲ. ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ಬಿಡಿಸಿದ ಕಾಯನ್ನೇ ಮತ್ತೆ ಬಿಡಿಸುತ್ತಿದ್ದಳು. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಉಳಿದ ಒಂದು ಪಟ್ಟಿಯಲ್ಲಿ ಎರಡು ತುಂಡು ಬರುತ್ತದೆ ಅಂತ ಹೇಳಿದೆ.

ಫೆಬ್ರವರಿ 13, ಗುರುವಾರ

ಇವತ್ತೂ ಡೈರಿಯಲ್ಲಿ ಅಪ್ಪನಿಗೆ ಯಾರೂ ಟೀ ಕುಡಿ ಅನ್ನಲಿಲ್ಲವಂತೆ. ಇನ್ನು ಹತ್ತು ದಿನ.

ಫೆಬ್ರವರಿ 15, ಶನಿವಾರ

ತೂತು! ತೂತು ಇದೆ!

ಕೆರೆ ಕಡೆಯ ಬಾಯಿಂದ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟೆವು. ಹಗ್ಗ ಹಿಡಿದದ್ದು ಅಪ್ಪ, ಗಂಟು ಎಣಿಸಿದ್ದು ವೀಣ. ಹದಿಮೂರನೇ ಗಂಟಿನ ಹತ್ತಿರ ಗೋಡೆಯಲ್ಲಿ ಅಂದವಾಗಿ ಕೊರೆದ ಗುಂಡನೆಯ ತೂತು, ಅದರಿಂದ ಚೂರು ಚಾಚಿಕೊಂಡ ಬಿಳಿ ಪೈಪಿನ ಬಾಯಿ. ಒಡೆದದ್ದಲ್ಲ, ಬಿರುಕಲ್ಲ. ಯಾರೋ ಕೂತು ಮಾಡಿದ ಕೆಲಸ.

ಮೊದಲು ನೋಡಿದಾಗ ಪೈಪಿನ ಮೇಲೆ ಅಚ್ಚು ಹಾಕಿದ ಅಕ್ಷರಗಳೆಲ್ಲ ಉಲ್ಟಾ ಇದ್ದವು. ಕನ್ನಡಿಯಲ್ಲವೇ, ಸಹಜ. ಫೋನಿನಲ್ಲಿ ಚಿತ್ರ ಮಗುಚುವ ಬಟನ್ ಒತ್ತಿದೆ, ಅಕ್ಷರ ನೇರವಾದವು. ಮತ್ತೆ ನೋಡಿದೆ. ತೂತು ಇರುವುದು ಎಡ ಅರ್ಧದಲ್ಲಿ. ಎಡಗೋಡೆ. ಶಿವಯ್ಯನ ಗದ್ದೆ!

ಎಲ್ಲಾ ಬಿಟ್ಟು ಶಿವಯ್ಯ! ರಸ್ತೆ ಪಕ್ಕದ ಆ ಗದ್ದೆ ಯಾಕೆ ಹಾಗೆ ಹಸಿರಾಗಿದೆ ಅಂದರೆ ಬೋರು ಬೋರು ಅನ್ನುತ್ತಿದ್ದ. ಈಗ ಗೊತ್ತಾಯಿತು ಅದ್ಯಾವ ಬೋರು ಅಂತ. ನನಗೆ ಎಷ್ಟು ಖುಷಿಯಾಯಿತೆಂದರೆ ವೀಣಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದೆ. ಅಪ್ಪ ಮಾತ್ರ "ಶಿವಯ್ಯೋರಾ?" ಅಂತ ಎರಡು ಸಲ ಕೇಳಿದ.

"ಹೂಂ ಅಪ್ಪ. ಕಣ್ಣಾರೆ ನೋಡು."

ಫೆಬ್ರವರಿ 16, ಭಾನುವಾರ

ಇಪ್ಪತ್ತಮೂರರವರೆಗೆ ಯಾರು ಕಾಯುತ್ತಾರೆ? ಡೈರಿ ಮುಂದೆ ಹಾಲು ಹಾಕಲು ಬಂದ ಅಷ್ಟೂ ಜನರಿಗೆ ತೋರಿಸಿದೆ. ಫೋನು ಕೈಯಿಂದ ಕೈಗೆ ಹೋಯಿತು. ನಾಗೇಶಣ್ಣ ಮೂರು ಸಲ ನೋಡಿದ.

ಶಿವಯ್ಯನ ಮುಖ ಸುಣ್ಣದ ಹಾಗಾಯಿತು. "ನನ್ ಮಕ್ಳಾಣೆ ನಾನಲ್ಲ ಕಣ್ಲಾ" ಅಂದ. ಹಾಗಾದರೆ ಅಗೆದು ನೋಡೋಣ ಅಂದರೆ, "ತೆನೆ ಬಂದಿರೋ ಬತ್ತದ್ ಮ್ಯಾಲೆ ಜೆಸಿಬಿ ಆಯಿಸ್ತೀರಾ? ಕುಯ್ಲಾಗ್ಲಿ, ಆಮೇಲೆ ಅಗೀರಿ" ಅಂದ. ಅಷ್ಟು ಸಾಕಾಯಿತು ಜನಕ್ಕೆ. ಕಳ್ಳನಲ್ಲದಿದ್ದರೆ ಅಗೆಯಲು ಯಾಕೆ ಬಿಡುವುದಿಲ್ಲ? ಎರಡು ವಾರ ಅಪ್ಪನ ಮೇಲೆ ಕೂಗಿದ ಬಾಯಿಗಳೇ ಈಗ ಆ ಕಡೆ ತಿರುಗಿದವು. ಅಗೆಯಲು ಒಪ್ಪುವವರೆಗೆ ಅವನ ಕೊನೆಗದ್ದೆಗೆ ನೀರು ಬಂದ್ ಅಂತ ಸಂಘ ಹೇಳಿತು. ಬೋರಿನ ನೀರು ಮುಟ್ಟದ ಆ ಅರ್ಧ ಎಕರೆಗೆ ಕೆರೆ ನೀರೇ ಗತಿ.

ಅಪ್ಪ ಅನುಮಾನಿಸಿದ. "ಸರದಿ ತಪ್ಪುಸ್ಬೇಕಾ? ನಮ್ಮಪ್ಪನ್ ಕಾಲ್ದಾಗೂ ಇಂಗ್ ಮಾಡಿರ್ನಿಲ್ಲ" ಅಂದ. "ಮುಚ್ಚಪ್ಪ, ನಿನ್ನ ಕಳ್ಳ ಅಂದೋನು ಅವ್ನು" ಅಂದೆ. ಮುಚ್ಚಿದ. ಇಂದ್ರಮ್ಮ ಗುಂಪಿನ ಅಂಚಿನಲ್ಲಿ ನಿಂತಿದ್ದರು. ನನ್ನ ತಲೆ ಸವರಿ ಹೋದರು.

ಇವತ್ತು ಡೈರಿಯಲ್ಲಿ ಅಪ್ಪನಿಗೆ ಟೀ ಕೊಟ್ಟರು. ಒಂದಲ್ಲ, ಎರಡು ಸಲ.

ಫೆಬ್ರವರಿ 19, ಬುಧವಾರ

ಶಿವಯ್ಯನ ಕೊನೆಗದ್ದೆ ಬಿರುಕು ಬಿಟ್ಟಿದೆ. ಬಿಡಲಿ.

ಅವನ ಹೆಂಡತಿ ಪುಟ್ಟಮಾದಮ್ಮ ದೂರದ ಕೊಳವೆ ಬಾವಿಯಿಂದ ಎರಡು ಬಿಂದಿಗೆ ಹೊತ್ತು ತಂದು ಪೈರಿಗೆ ಸುರಿಯುತ್ತಿದ್ದರು. ಅರ್ಧ ಎಕರೆಗೆ ಬಿಂದಿಗೆ! ಒಂದು ಸಾಲು ಕೂಡ ನೆನೆಯುವುದಿಲ್ಲ. ನಾನು ಕಾಲೇಜಿಗೆ ಹೊರಟವಳು ಅಲ್ಲೇ ನಿಂತು ನೋಡಿದೆ, ಬಸ್ಸು ತಪ್ಪಿತು. ನನ್ನನ್ನು ನೋಡಿ ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬಯ್ಯಬಹುದಿತ್ತು.

ನನಗೇನು. ಅವರ ಗಂಡ ಮಾಡಿದ್ದು.

ಫೆಬ್ರವರಿ 20, ಗುರುವಾರ

ಆದ ಕ್ರಮದಲ್ಲೇ ಬರೆಯುತ್ತೇನೆ.

ಕಾಲೇಜಿನಲ್ಲಿ ಪ್ರಾಜೆಕ್ಟ್ ತೋರಿಸುವ ದಿನ ಇವತ್ತು. ಬೆಂಚಿನ ಮೇಲೆ ಗಾಡಿ ಇಟ್ಟು, ಅದರ ಎಡಕ್ಕೆ ವೀಣ, ಬಲಕ್ಕೆ ನಾನು ನಿಂತೆವು. ಅಕ್ಷರ ನೇರವಾಗಿ ಕಾಣಲೆಂದು ಮೊದಲೇ ಚಿತ್ರ ಮಗುಚಿ ಇಟ್ಟಿದ್ದೆ. ವೀಣಳ ಕೈಯಲ್ಲಿದ್ದ ಪುಸ್ತಕದ ಹೆಸರು ಪರದೆಯ ಮೇಲೆ ಸರಿಯಾಗಿ ಓದಲು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಕನ್ನಡಕ ಏರಿಸಿಕೊಂಡು, "ಎಡಗಡೆ ನಿಂತಿರೋ ಹುಡುಗಿ ಬಲಗಡೆ ಹೆಂಗಮ್ಮ ಬಂದ್ಲು?" ಅಂದರು.

ನೋಡಿದೆ. ವೀಣ ಬಲ ಅರ್ಧದಲ್ಲಿದ್ದಳು. ನಾನು ಎಡದಲ್ಲಿ.

ಎಷ್ಟು ಸಣ್ಣ ತಪ್ಪು! ಎರಡು ಕನ್ನಡಿಗೆ ಎರಡು ಅರ್ಧ. ಅಕ್ಷರ ನೇರವಾಗಬೇಕಾದರೆ ಒಂದೊಂದು ಅರ್ಧವನ್ನೂ ಅದರ ಜಾಗದಲ್ಲೇ ಮಗುಚಬೇಕಿತ್ತು. ನಾನು ಇಡೀ ಚಿತ್ರವನ್ನು ಮಗುಚಿದೆ. ಅಕ್ಷರವೇನೋ ನೇರವಾಯಿತು, ಆದರೆ ಎಡಗೋಡೆ ಬಲಕ್ಕೆ ಹೋಯಿತು, ಬಲಗೋಡೆ ಎಡಕ್ಕೆ ಬಂತು.

ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಮೊದಲ ವಿಡಿಯೋ ತೆಗೆದು ನೋಡಿದೆ, ಮಗುಚದೇ ಇರುವುದನ್ನು. ತೂತು ಬಲಗೋಡೆಯಲ್ಲಿದೆ.

ಬಲಕ್ಕೆ ಇಂದ್ರಮ್ಮನ ತೋಟ.

ನೂರಕ್ಕೆ ತೊಂಬತ್ತೈದು ಕೊಟ್ಟರಂತೆ. ವೀಣ ಕುಣಿಯುತ್ತಿದ್ದಳು. ಅವಳಿಗೂ ಹೇಳಿದ ಮೇಲೆ ಕೂತುಬಿಟ್ಟಳು.

ಫೆಬ್ರವರಿ 21, ಶುಕ್ರವಾರ

ಮಧ್ಯಾಹ್ನ ಇಂದ್ರಮ್ಮನ ತೋಟಕ್ಕೆ ಹೋದೆ. ತೋಟದ ನಡುವಿನ ಹಳೆ ಬಾವಿಯ ಮೇಲೆ ತೆಂಗಿನ ಗರಿ ಹೊದಿಸಿದ್ದಾರೆ. ಒಂದು ಗರಿ ಸರಿಸಿದೆ. ಒಳಗೆ ನೀರಿತ್ತು. ಗೋಡೆಯಿಂದ ಬಿಳಿ ಪೈಪಿನ ಮೂತಿ ಹೊರಗೆ ಬಂದಿತ್ತು, ಅದಕ್ಕೊಂದು ವಾಲ್ವು.

"ನೋಡ್ದಾ?" ಅಂತ ಹಿಂದಿನಿಂದ ಕೇಳಿಸಿತು.

ಇಂದ್ರಮ್ಮ ಮುಚ್ಚಿಡಲಿಲ್ಲ. ರಸ್ತೆ ಮಾಡುವವರು ಪೈಪು ಹೂಳುವಾಗ ಅವರ ಯಜಮಾನರು ಹಾಕಿಸಿದ್ದಂತೆ. ಇಷ್ಟು ವರ್ಷ ವಾಲ್ವು ಮುಚ್ಚಿಯೇ ಇತ್ತಂತೆ. "ಈ ಸಲ ಬೋರು ಕೆಟ್ಟೋಯ್ತು ಮಗ. ಮರ ಒಣಗೋದ್ ನೋಡಕ್ಕಾಗ್ನಿಲ್ಲ. ಒಂದ್ ವಾರ ಅಂತ ತಿರುಗಿಸ್ದೆ. ಆಮೇಲ್ ಮುಚ್ಚಕ್ಕೆ ಕೈ ಬರ್ನಿಲ್ಲ."

"ಅಪ್ಪನ್ನ ಕಳ್ಳ ಅಂದಾಗ ನೀವು ಅಲ್ಲೇ ಇದ್ರಿ."

"ಇದ್ದೆ. ಅವ್ನು ಕಳ್ಳ ಅಲ್ಲ ಅಂತ ನಾನೊಬ್ಳೇ ಯೇಳ್ದೆ."

ಹೌದು, ಹೇಳಿದರು. ಬರೆದುಕೊಡುತ್ತೇನೆ ಅಂದರು. ಅಷ್ಟು ಗಟ್ಟಿಯಾಗಿ ಯಾಕೆ ಹೇಳಿದರು ಅಂತ ಈಗ ನನಗೆ ಗೊತ್ತು. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಅವರೊಬ್ಬರಿಗೇ ಗೊತ್ತಿತ್ತು. ಅವರನ್ನು ದೇವರಂಥವರು ಅಂತ ಇದೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆ ಪುಟ ಹರಿದುಹಾಕಬೇಕು ಅನ್ನಿಸಿತು. ಹರಿಯಲಿಲ್ಲ, ನಾನು ಬರೆದದ್ದೇ ಅಲ್ಲವೇ.

"ವಾಲ್ವು ಮುಚ್ಬುಡ್ತೀನಿ. ಇವತ್ತೇ ಮುಚ್ತೀನಿ. ನಿಮ್ಮಪ್ಪನ್ ಹೆಸ್ರು ಈಗ ಸರಿಯಾಗದೆ. ಶಿವಯ್ಯ ಏನ್ ಸಾಚಾನೇ? ನಿಮ್ ಕೇರಿಯವ್ರ ಮ್ಯಾಲೆ ಅವ್ನು ಎಷ್ಟ್ ಬಾಯ್ ಮಾಡವ್ನೆ ನಿಂಗ್ ಗೊತ್ತಿಲ್ವಾ? ಅನುಭವಿಸ್ಲಿ ಬುಡು" ಅಂದರು. ನನ್ನ ಕೈ ಹಿಡಿದುಕೊಂಡಿದ್ದರು. ಕೈ ತಣ್ಣಗಿತ್ತು.

ನಾನು ಕೈ ಬಿಡಿಸಿಕೊಂಡು ಬಂದೆ.

ಫೆಬ್ರವರಿ 22, ಶನಿವಾರ

ಅಪ್ಪನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಬೀಡಿಯನ್ನು ಹಚ್ಚದೆ ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

"ಬುಡವ್ವ. ಈಗ ಎಲ್ಲಾ ತಣ್ಣಗಾಗದೆ. ಮತ್ತೆ ಕೆದಕಿದ್ರೆ, ಇವ್ಳು ನೆನ್ನೆ ಎಡ ಅಂದ್ಳು, ಇವತ್ ಬಲ ಅಂತಾಳೆ, ನಾಳೆ ಇನ್ನೇನೋ ಅಂತಾಳೆ ಅಂತಾರೆ. ಅಪ್ಪನ್ನ ಉಳ್ಸಕ್ಕೆ ಮಗ್ಳು ಕಟ್ಟಿದ್ ಆಟ ಅಂತಾರೆ. ಕೀ ಓಯ್ತದೆ."

"ಹೋದ್ರೆ ಹೋಗ್ಲಿ."

"ನಿಂಗೇನ್ ಗೊತ್ತು. ನಮ್ ಮಾತು ನಂಬೋದೇ ಅಪರೂಪ. ಒಂದ್ ಸಲ ನಂಬವ್ರೆ. ಸಾಕು."

ಅವನು ಹೇಳುವುದು ಸುಳ್ಳಲ್ಲ. ಅದೇ ನನಗೆ ಉರಿಯುತ್ತಿರುವುದು. ಶಿವಯ್ಯ ಸಾಕ್ಷಿ ಇಲ್ಲದೆ ಅಪ್ಪನನ್ನು ಕಳ್ಳ ಅಂದ. ನಾನು ಕನ್ನಡಿ ಕಟ್ಟಿ, ದೀಪ ಹಚ್ಚಿ, ವಿಡಿಯೋ ಮಾಡಿ ಅವನನ್ನು ಕಳ್ಳ ಅಂದೆ. ಎರಡಕ್ಕೂ ವ್ಯತ್ಯಾಸ ಏನು? ನನ್ನದರಲ್ಲಿ ಬ್ಯಾಟರಿ ಇತ್ತು ಅಷ್ಟೇ.

ಅವನ ಮೇಲೆ ನನಗೆ ಕರುಣೆ ಏನೂ ಬಂದಿಲ್ಲ. ಅದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಆದರೆ ಪುಟ್ಟಮಾದಮ್ಮ ಇವತ್ತೂ ಬಿಂದಿಗೆ ಹೊರುತ್ತಿದ್ದರು.

ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮಲಗುವ ಮುಂಚೆ, "ನಾಳೀಕೆ ಯಾವ ಬಟ್ಟೆ ಆಕ್ಕೋತೀಯ? ಒಗೆದು ಕೊಡ್ತೀನಿ" ಅಂದಳು. ಇಸ್ತ್ರಿ ಮಾಡಿದ್ದೇ ಇತ್ತು, ಆದರೂ ಕೊಟ್ಟೆ.

ಫೆಬ್ರವರಿ 23, ಭಾನುವಾರ

ಹೇಳಿಬಿಟ್ಟೆ.

ಡೈರಿ ಮುಂದೆ ಅರವತ್ತು ಜನ ಇದ್ದರು. ಅಪ್ಪ ಬರಬೇಡ ಅಂದಿದ್ದ, ಆಮೇಲೆ ತಾನೇ ಗಾಡಿಯ ಡಬ್ಬಿ ಎತ್ತಿಕೊಂಡು ಹಿಂದೆ ಬಂದ. "ಹೋದ ವಾರ ನಾನು ತೋರಿಸಿದ್ದು ತಪ್ಪು. ತೂತು ಶಿವಯ್ಯನವರ ಕಡೆ ಇಲ್ಲ" ಅಂದೆ. ಶುರುವಾಯಿತು ಗಲಾಟೆ.

"ಏನಮ್ಮೀ, ಊರೋರ್ನ ಏನಂದ್ಕೊಂಡಿದ್ದೀಯ?" ಅಂದ ನಾಗೇಶಣ್ಣ. "ಮಿಸನ್ನು ಸುಳ್ಳಾ, ನೀನು ಸುಳ್ಳಾ? ನಡಿ ಮಾದೇವ, ಕೀ ಮಡಗು."

"ಮಿಷನ್ನು ಸುಳ್ಳು ಹೇಳ್ಲಿಲ್ಲ ನಾಗೇಶಣ್ಣ, ತಪ್ಪು ಮಾಡಿದ್ದು ನಾನು. ಹೆಂಗೆ ಅಂತ ತೋರಿಸ್ತೀನಿ, ಬನ್ನಿ. ಆಮೇಲೆ ಕೀ ಕೇಳಿ."

ಗಾಡಿಯನ್ನು ಕಟ್ಟೆಯ ಮೇಲೆ ಇಟ್ಟೆ. ಎಡಕ್ಕೆ ನಾಗೇಶಣ್ಣನನ್ನು, ಬಲಕ್ಕೆ ಶಿವಯ್ಯನನ್ನು ನಿಲ್ಲಿಸಿದೆ. ಅಕ್ಕಪಕ್ಕ ನಿಲ್ಲಲು ಇಬ್ಬರಿಗೂ ಇಷ್ಟವಿರಲಿಲ್ಲ. ನಾಗೇಶಣ್ಣನ ಕೈಗೆ ಡೈರಿಯ ಹೆಸರಿದ್ದ ಚೀಲ ಕೊಟ್ಟೆ. ಫೋನಿನಲ್ಲಿ ಮೊದಲು ಹಾಗೇ ತೋರಿಸಿದೆ. ನಾಗೇಶಣ್ಣ ಎಡಕ್ಕೇ ಇದ್ದ, ಚೀಲದ ಅಕ್ಷರ ಉಲ್ಟಾ. ಆಮೇಲೆ ಬಟನ್ ಒತ್ತಿದೆ. ಅಕ್ಷರ ನೇರವಾಯಿತು, ನಾಗೇಶಣ್ಣ ಬಲಕ್ಕೆ ಹಾರಿದ, ಶಿವಯ್ಯ ಎಡಕ್ಕೆ ಬಂದ.

ಜನ ಫೋನಿನ ಮೇಲೆ ಮುಗಿಬಿದ್ದರು. ಇನ್ನೊಂದ್ಸಲ ಒತ್ತು, ಇನ್ನೊಂದ್ಸಲ ಒತ್ತು ಅಂತ ಎಂಟು ಸಲ ಒತ್ತಿಸಿದರು. ಅಧ್ಯಕ್ಷರು ಆ ಕಡೆ ಈ ಕಡೆ ಹಾರಿದ್ದನ್ನು ನೋಡಿ ಮುದುಕ ಮರಿಸಿದ್ದಯ್ಯ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಅವನೇ ಕೇಳಿದ. "ಅಂಗಾರೆ ಬಲಗಡೀಕೆ ಯಾರ್ದು?"

ಯಾರೂ ಉತ್ತರ ಹೇಳಬೇಕಾಗಿರಲಿಲ್ಲ. ಎಲ್ಲರಿಗೂ ಗೊತ್ತು.

ಅಷ್ಟೂ ಜನ ತೋಟಕ್ಕೆ ಹೋದರು. ನಾನು ಹೋಗಲಿಲ್ಲ. ಬಾವಿಯ ಮೇಲಿನ ಗರಿಗಳನ್ನು ಇಂದ್ರಮ್ಮ ತಾವೇ ತೆಗೆದು ಪಕ್ಕಕ್ಕಿಟ್ಟು, ಬಾಗಿಲಲ್ಲಿ ಕೂತಿದ್ದರಂತೆ.

ಸಂಜೆ ಶಿವಯ್ಯ ನಮ್ಮ ಕೇರಿಗೆ ಬಂದ. ಈ ಜನ್ಮದಲ್ಲಿ ಬಂದವನಲ್ಲ. ಬಾಗಿಲಿನಿಂದ ಆಚೆ, ಬೈಕಿನ ಪಕ್ಕ ನಿಂತು, "ದೊಡ್ ಉಪಕಾರ ಮಾಡ್ದೆ ಕಣವ್ವ" ಅಂದ.

"ನಿಮಗೋಸ್ಕರ ಮಾಡಿದ್ದಲ್ಲ. ನಿಮ್ಮನ್ನ ಸುಳ್ಳೇ ಕಳ್ಳ ಅಂದೆ, ಅಂದ ಜಾಗದಲ್ಲೇ ತಪ್ಪಾಯ್ತು ಅಂದೆ. ನೀವೂ ನಮ್ಮಪ್ಪನ್ನ ಅಂದಿದ್ದೀರಿ. ಇಲ್ಲಿ ಯಾರೂ ಇಲ್ಲದ ಕಡೆ ಬಂದು ಹೇಳಿದ್ರೆ ಲೆಕ್ಕಕ್ಕಿಲ್ಲ. ಎಲ್ಲಿ ಅಂದ್ರೋ ಅಲ್ಲಿ ಹೇಳಿ."

ಅಪ್ಪ ಒಳಗಿನಿಂದ "ಮೋಹ್ನೀ!" ಅಂತ ಗದರಿದ. ನಾನು ಜಗ್ಗಲಿಲ್ಲ. ಶಿವಯ್ಯ ನನ್ನನ್ನು ಹೊಸದಾಗಿ ನೋಡುವವನ ಹಾಗೆ ನೋಡಿ, ಬೈಕ್ ಒದ್ದು ಹೋದ.

ಫೆಬ್ರವರಿ 26, ಬುಧವಾರ

ಶಿವರಾತ್ರಿ ರಜೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಶಿವಯ್ಯ ಡೈರಿ ಮುಂದೆ ಹೇಳಿದನಂತೆ. "ಮಾದೇವನ್ನ ನಾನು ಅನ್ಬಾರದಾಗಿತ್ತು. ತಪ್ಪಾಯ್ತು." ಅಷ್ಟೇ. ಅಪ್ಪ ಕೇಳಲು ಅಲ್ಲಿರಲಿಲ್ಲ, ಪೈಪಿನ ತೂತಿಗೆ ಇಂದ್ರಮ್ಮನ ಬಾವಿಯ ಕಡೆಯಿಂದ ಸಿಮೆಂಟು ತುಂಬುತ್ತಿದ್ದ. ನಾನು ಹೋಗಿ ಹೇಳಿದೆ. "ಆಯ್ತು, ಆ ಬಾಂಡ್ಲಿ ಕೊಡು" ಅಂದ. ಆದರೆ ಆಮೇಲೆ ದಿನವೆಲ್ಲ ಶಿಳ್ಳೆ ಹಾಕುತ್ತಿದ್ದ. ಅಪ್ಪನಿಗೆ ಶಿಳ್ಳೆ ಹಾಕಲು ಬರುತ್ತದೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ಸಂಘ ಇನ್ನೊಂದು ತೀರ್ಮಾನ ಮಾಡಿದೆ. ಈ ಬೆಳೆ ಮುಗಿಯುವವರೆಗೆ ಇಂದ್ರಮ್ಮನ ಗದ್ದೆಗೆ ನೀರು ಬಂದ್. ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಶಿವಯ್ಯ ಅಂತ ಬೇರೆ ಹೇಳಬೇಕಾಗಿಲ್ಲ. ಅಪ್ಪನ ಬೆನ್ನು ತಟ್ಟಿ, ಕೀ ನಿನ್ನ ಹತ್ತಿರವೇ ಇರಲಿ ಅಂದರಂತೆ.

ಫೆಬ್ರವರಿ 28, ಶುಕ್ರವಾರ

ಇವತ್ತು ಕಾಲೇಜಿಗೆ ಹೋಗಲಿಲ್ಲ.

ಬೆಳಿಗ್ಗೆ ಅಪ್ಪ ಕೀಯನ್ನು ಮುಂದೆ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. "ಯಾರ ಸರದಿ?" ಅಂದೆ.

"ಇಂದ್ರಮ್ಮೋರ್ದು. ಎಂಟರಿಂದ ಹತ್ತು. ಸಂಘ ಬ್ಯಾಡ ಅಂದದೆ."

"ಶಿವಯ್ಯಂಗೂ ಬೇಡ ಅಂದಿತ್ತು."

"ಅವತ್ತು ನೀನೂ ಮುಚ್ಚು ಅಂದಿದ್ದೆ" ಅಂದ ಅಪ್ಪ. ನನ್ನ ಮುಖ ನೋಡಲಿಲ್ಲ.

ಹೌದು, ಅಂದಿದ್ದೆ. ಕೀ ತೆಗೆದುಕೊಂಡು ಕೆರೆ ಏರಿಗೆ ನಡೆದೆ. ತೂಬಿನ ಚಕ್ರ ತಿರುಗಿಸುವುದು ಅಷ್ಟು ಕಷ್ಟ ಅಂತ ಗೊತ್ತಿರಲಿಲ್ಲ, ಅಂಗೈ ಕೆಂಪಗಾಯಿತು. ಪೈಪಿನ ಆ ತುದಿಗೆ ಓಡಿ ಬರುವಷ್ಟರಲ್ಲಿ ನೀರೂ ಬಂದಿತ್ತು, ತುಂಬಿ ಬಂದಿತ್ತು. ಗುದ್ದಲಿಯಿಂದ ಮಣ್ಣು ಎಳೆದು ಕಾಲುವೆಗೆ ಅಡ್ಡ ಮಡವೆ ಕಟ್ಟಿ, ನೀರನ್ನು ಇಂದ್ರಮ್ಮನ ಗದ್ದೆಗೆ ತಿರುಗಿಸಿದೆ.

ಅರ್ಧ ಗಂಟೆಗೆ ನಾಗೇಶಣ್ಣನ ಬೈಕು ಬಂತು. ಹಿಂದೆ ಶಿವಯ್ಯ.

"ಯಾರಮ್ಮೀ ಯೇಳಿದ್ದು ನಿಂಗೆ, ನೀರ್ ಬುಡು ಅಂತ?"

"ಎಂಟರಿಂದ ಹತ್ತು ಇವರ ಸರದಿ."

"ಕಳ್ಳೀಗೆ ಎಂಥಾ ಸರದಿ?"

"ಕದ್ದಿದ್ದಕ್ಕೆ ದಂಡ ಹಾಕಿ, ಕಂಪ್ಲೇಂಟ್ ಕೊಡಿ, ಬೇಕಾದ್ದು ಮಾಡಿ. ನಾನೇ ಸಾಕ್ಷಿ ಹೇಳ್ತೀನಿ. ಸರದಿ ನೀರು ಅವರು ಕದ್ದಿದ್ದಲ್ಲ, ಅವರದ್ದು."

"ನಿಮ್ಮಪ್ಪನ್ ಕೆಲ್ಸ ಓಯ್ತದೆ ನೋಡು."

"ಕಿತ್ಕೊಳ್ಳಿ ನಾಗೇಶಣ್ಣ. ಕಳ್ಳ ಅಂತ ಕಿತ್ಕೊಳ್ಳೋಕೆ ಆಗ್ಲಿಲ್ಲ. ಸರದಿ ತಪ್ಪಿಸ್ಲಿಲ್ಲ ಅಂತ ಕಿತ್ಕೊಳ್ಳಿ. ಅದನ್ನ ಡೈರಿ ಮುಂದೆ ಹೇಳಿ, ಬರೆದೂ ಕೊಡಿ. ಗೋಡೆಗೆ ಅಂಟಿಸ್ಕೋತೀವಿ."

ನಾಗೇಶಣ್ಣ ಶಿವಯ್ಯನ ಕಡೆ ನೋಡಿದ. ಶಿವಯ್ಯ ತನ್ನ ಅರ್ಧ ಎಕರೆಯ ಕಡೆ ನೋಡುತ್ತಿದ್ದ. ಮತ್ತೆ ನೀರು ಬಿಟ್ಟಿದ್ದರೂ ಅದರಲ್ಲಿ ಬಿರುಕುಗಳು ಇನ್ನೂ ಪೂರ್ತಿ ಕೂಡಿಲ್ಲ. "ನಡೀಲಾ, ಓಗಾನ" ಅಂದ. ಬೈಕು ತಿರುಗಿತು.

ತೋಟದ ಬೇಲಿಯ ಒಳಗೆ ಇಂದ್ರಮ್ಮ ನಿಂತಿದ್ದರು. ಈ ಕಡೆ ಬರಲಿಲ್ಲ. ನಾನೂ ಕರೆಯಲಿಲ್ಲ. ಅವರ ಮೇಲಿನ ಸಿಟ್ಟು ನನಗೆ ಹೋಗಿಲ್ಲ, ಸದ್ಯಕ್ಕೆ ಹೋಗುವುದೂ ಇಲ್ಲ.

ಒಂಬತ್ತರ ಸುಮಾರಿಗೆ ಅಪ್ಪ ಬದುವಿನ ಮೇಲೆ ನಡೆದು ಬಂದ. ನಾನು ಕಟ್ಟಿದ ಮಡವೆಯನ್ನು ನೋಡಿ, ಸೋರುತ್ತಿದ್ದ ಕಡೆಗೆ ಒಂದು ಹೆಂಟೆ ಮಣ್ಣು ಕಾಲಿನಿಂದ ಒತ್ತಿದ. "ಇನ್ನೊಂದ್ ಗಂಟೆ ಅದೆ ಅವ್ರುದು" ಅಂದು ನನ್ನ ಪಕ್ಕದಲ್ಲಿ ನಿಂತ. ಹತ್ತು ಹೊಡೆಯುವವರೆಗೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.